ಬಿಟ್ಟ ಪದ್ಯ, ಬಿಟ್ಟ ದೃಶ್ಯ: ಸೂಪರ್‌ಹೀರೋ ಚಿತ್ರಗಳ ಅಭಿಮಾನಿ ಮರುಸಂಕಲನ

ಕಳೆದ ಆಷಾಢದಲ್ಲಿ, ಮಳೆ ಹೊಳವಾಗದೆ ತೋಟದ ಕೆಲಸವೆಲ್ಲ ನಿಂತುಹೋಗಿದ್ದ ಎರಡು ವಾರಗಳ ಕಾಲ, ಶಿರಸಿಯ ನಮ್ಮ ಮನೆಯಲ್ಲಿ ಅಣ್ಣನ ಮಗ ಒಂದೇ ಸಿನಿಮಾದ ಎರಡು ಆವೃತ್ತಿಗಳನ್ನು ಲ್ಯಾಪ್‌ಟಾಪಿನ ಪರದೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕುಳಿತಿದ್ದ. ಮೊದಲನೆಯದು 2017ರ ನವೆಂಬರಿನಲ್ಲಿ ಚಿತ್ರಮಂದಿರಗಳಿಗೆ ಬಂದ, ಎರಡು ಗಂಟೆ ಅವಧಿಯ ಸೂಪರ್‌ಹೀರೋ ಚಿತ್ರ ‘ಜಸ್ಟಿಸ್ ಲೀಗ್’. ಎರಡನೆಯದು ಅದೇ ಕಥೆಯನ್ನು ಅದರ ಮೂಲ ನಿರ್ದೇಶಕ ಜ್ಯಾಕ್ ಸ್ನೈಡರ್ ತಮ್ಮ ಇಚ್ಛೆಯಂತೆ ಜೋಡಿಸಿದ, 2021ರ ಮಾರ್ಚ್ 18ರಂದು ಬಿಡುಗಡೆಯಾದ 242 ನಿಮಿಷಗಳ ಆವೃತ್ತಿ. ಮಗಳ ಸಾವಿನಿಂದ ಕುಗ್ಗಿದ ಸ್ನೈಡರ್ 2017ರ ಮೇ ತಿಂಗಳಲ್ಲಿ ಕೆಲಸದಿಂದ ಹಿಂದೆ ಸರಿದ ಮೇಲೆ ಇನ್ನೊಬ್ಬ ನಿರ್ದೇಶಕ ಜಾಸ್ ವೇಡನ್ ಹಲವು ದೃಶ್ಯಗಳನ್ನು ಹೊಸದಾಗಿ ಬರೆದು, ಚಿತ್ರೀಕರಿಸಿ ಮೊದಲ ಆವೃತ್ತಿಯನ್ನು ಮುಗಿಸಿದ್ದರು. ಈ ಎರಡನ್ನೂ ಕತ್ತರಿಸಿ, ಎರಡೂವರೆ ಗಂಟೆಯ ಮೂರನೆಯದೊಂದನ್ನು ಕಟ್ಟಬೇಕೆಂಬುದು ಹುಡುಗನ ಹಟವಾಗಿತ್ತು. ಇದಕ್ಕೆ ಅವನಿಗೆ ಯಾರೂ ಹಣ ಕೊಡುವುದಿಲ್ಲ, ಯಾರೂ ಕೇಳಿಯೂ ಇಲ್ಲ. ಇಂಥ ಕೆಲಸಕ್ಕೆ ‘ಫ್ಯಾನ್ ಎಡಿಟ್’ ಎಂಬ ಹೆಸರಿದೆ. ಜಗತ್ತಿನ ಅನೇಕ ಕಡೆ ಅಭಿಮಾನಿಗಳು ಇದನ್ನು ವರ್ಷಗಟ್ಟಲೆ ಶ್ರದ್ಧೆಯಿಂದ ಮಾಡುತ್ತಿದ್ದಾರೆ. ಇದು ಕಳವೋ, ಕಲಿಕೆಯೋ, ವಿಮರ್ಶೆಯೋ ಎಂಬ ಪ್ರಶ್ನೆಗೆ ಮಾತ್ರ ಕಾನೂನಿನಲ್ಲಾಗಲಿ ಸಿನಿಮಾ ಚರ್ಚೆಯಲ್ಲಾಗಲಿ ನೇರವಾದ ಉತ್ತರ ಸಿಕ್ಕುವುದಿಲ್ಲ.

ಉತ್ತರ ಹುಡುಕುವ ಮೊದಲು ಕೆಲಸವೇನೆಂಬುದನ್ನು ನೋಡಬೇಕು. ದೂರದಿಂದ ನೋಡುವವರಿಗೆ ಇದು ಇಷ್ಟವಿಲ್ಲದ ದೃಶ್ಯವನ್ನು ಕಿತ್ತುಹಾಕುವ ಸುಲಭದ ಆಟವಾಗಿ ಕಾಣುತ್ತದೆ. ಹತ್ತಿರ ಕುಳಿತು ನೋಡಿದ ನನಗೆ ಹಾಗೆ ಕಾಣಲಿಲ್ಲ. ಮೊದಲ ತೊಡಕು ಚೌಕಟ್ಟಿನದು. 2017ರ ಆವೃತ್ತಿ ಅಗಲವಾದ ಚಿತ್ರ, ಅದರ ಅಗಲ ಎತ್ತರದ 1.85 ಪಟ್ಟು. 2021ರದು ಹಳೆಯ ಟಿವಿಯಂತೆ ಚೌಕಾಕಾರದ್ದು, ಅಲ್ಲಿ ಅಗಲ ಎತ್ತರದ 1.33 ಪಟ್ಟು ಮಾತ್ರ. ಒಂದರ ಶಾಟ್‌ನ ಪಕ್ಕದಲ್ಲಿ ಇನ್ನೊಂದರ ಶಾಟ್ ಇಟ್ಟರೆ ಚೌಕಟ್ಟೇ ಹಿಗ್ಗಿ ಕುಗ್ಗುತ್ತದೆ, ಆದ್ದರಿಂದ ಚೌಕದ ಚಿತ್ರದ ಮೇಲಂಚು ಕೆಳಅಂಚುಗಳನ್ನು ಪ್ರತಿ ಶಾಟ್‌ಗೂ ಬೇರೆಬೇರೆಯಾಗಿ ಅಳೆದು ಕತ್ತರಿಸಬೇಕು, ಇಲ್ಲವಾದರೆ ಯಾರದೋ ಹಣೆ, ಯಾರದೋ ಕೈ ಹೋಗಿಬಿಡುತ್ತದೆ. ಬಣ್ಣದ ತೊಡಕು ಅದಕ್ಕಿಂತ ದೊಡ್ಡದು. ಮೊದಲ ಆವೃತ್ತಿಯ ಕೊನೆಯ ಯುದ್ಧ ಕೆಂಪು ಆಕಾಶದ ಕೆಳಗೆ ನಡೆದರೆ ಎರಡನೆಯದರಲ್ಲಿ ಅದೇ ಯುದ್ಧ ಕತ್ತಲಲ್ಲಿ ನಡೆಯುತ್ತದೆ. ಇದರ ಜೊತೆಗೆ ಮೀಸೆಯ ವಿಚಾರವೂ ಇದೆ. ಸೂಪರ್‌ಮ್ಯಾನ್ ಪಾತ್ರಧಾರಿ ಹೆನ್ರಿ ಕ್ಯಾವಿಲ್ ಮರುಚಿತ್ರೀಕರಣದ ಹೊತ್ತಿಗೆ ಬೇರೊಂದು ಚಿತ್ರಕ್ಕಾಗಿ ಮೀಸೆ ಬಿಟ್ಟಿದ್ದರು, ಅದನ್ನು ಕಂಪ್ಯೂಟರಿನಲ್ಲಿ ಅಳಿಸಿದ್ದರಿಂದ ಆ ದೃಶ್ಯಗಳಲ್ಲಿ ಅವರ ಮೇಲ್ದುಟಿ ಅಸಹಜವಾಗಿ ಕಾಣುತ್ತದೆ. ಹೀಗಾಗಿ ಆ ಶಾಟ್‌ಗಳನ್ನು ಮಧ್ಯೆ ಸೇರಿಸಿದರೆ ಬೆಸುಗೆ ಎಲ್ಲಿದೆ ಎಂದು ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ.

ಕಣ್ಣನ್ನು ಹೇಗಾದರೂ ಒಪ್ಪಿಸಬಹುದು, ಕಿವಿಯನ್ನು ಒಪ್ಪಿಸುವುದು ಕಷ್ಟ. ಮೊದಲನೆಯದಕ್ಕೆ ಡ್ಯಾನಿ ಎಲ್ಫ್‌ಮನ್ ಸಂಗೀತ, ಎರಡನೆಯದಕ್ಕೆ ಟಾಮ್ ಹೋಲ್ಕನ್‌ಬೋರ್ಗ್ ಸಂಗೀತ. ಎರಡರ ನಾದಲೋಕವೂ ಬೇರೆ. ಒಂದು ದೃಶ್ಯದ ನಡುವೆ ಹತ್ತು ಸೆಕೆಂಡು ತೆಗೆದರೆ ಚಿತ್ರ ಕೂಡಿಕೊಳ್ಳಬಹುದು, ಆದರೆ ಅದರ ಅಡಿಯಲ್ಲಿ ಹರಿಯುತ್ತಿದ್ದ ವಾದ್ಯಮೇಳ ತಾಳ ತಪ್ಪಿ ಎಡವುತ್ತದೆ. ಇದಕ್ಕೆ ಅಭಿಮಾನಿ ಸಂಕಲನಕಾರರು ಕಂಡುಕೊಂಡಿರುವ ದಾರಿ, ಡಿಸ್ಕಿನಲ್ಲಿ ಆರು ವಾಹಿನಿಗಳಾಗಿ ಬರುವ ಧ್ವನಿಯನ್ನು ಬಿಡಿಸಿಕೊಳ್ಳುವುದು. ಮಾತು ಹೆಚ್ಚಾಗಿ ನಡುವಿನ ವಾಹಿನಿಯಲ್ಲಿ ಇರುವುದರಿಂದ ಅದನ್ನು ಉಳಿಸಿಕೊಂಡು, ಉಳಿದವನ್ನು ತಗ್ಗಿಸಿ, ಬೇರೆ ಸಂಗೀತವನ್ನು ಹಾಸಲು ಬರುತ್ತದೆ. ಆದರೆ ಹೆಜ್ಜೆಯ ಸದ್ದು, ಬಾಗಿಲ ಸದ್ದು, ಗಾಜು ಒಡೆಯುವ ಸದ್ದುಗಳು ಅಲ್ಲಲ್ಲಿ ಸಂಗೀತದೊಡನೆ ಬೆರೆತುಕೊಂಡಿರುತ್ತವೆ, ಅವನ್ನು ಒಂದೊಂದಾಗಿ ಹೊಸದಾಗಿ ಹಾಕಬೇಕಾಗುತ್ತದೆ. ಮಾತು, ಸಂಗೀತಗಳನ್ನು ಯಂತ್ರಕಲಿಕೆಯಿಂದ ಬೇರ್ಪಡಿಸುವ ತಂತ್ರಾಂಶಗಳು ಈಗ ಉಚಿತವಾಗಿ ದೊರೆಯುವುದರಿಂದ ಕೆಲಸ ಸ್ವಲ್ಪ ಹಗುರಾಗಿದೆ, ಆದರೂ ಆ ಎರಡು ವಾರಗಳಲ್ಲಿ ಹುಡುಗ ಮುಗಿಸಿದ್ದು ಹನ್ನೊಂದು ನಿಮಿಷಗಳನ್ನು ಮಾತ್ರ.

ಇಷ್ಟು ಶ್ರಮಪಟ್ಟು ಅವನು ಕಂಡುಕೊಂಡ ಸಂಗತಿ ನನಗೆ ಮುಖ್ಯವೆನಿಸುತ್ತದೆ. 2017ರ ಆವೃತ್ತಿಯಲ್ಲಿ ಸೈಬೋರ್ಗ್ ಎಂಬ, ಅರ್ಧ ಮನುಷ್ಯ ಅರ್ಧ ಯಂತ್ರವಾದ ಪಾತ್ರ ಹೊರೆಯಂತೆ ಕಾಣುತ್ತಾನೆ, 2021ರದರಲ್ಲಿ ಅವನೇ ಕಥೆಯ ಹೃದಯ. ವ್ಯತ್ಯಾಸ ಯುದ್ಧದ ದೃಶ್ಯಗಳಲ್ಲಿ ಇಲ್ಲ. ಅವನು ಕಾಲೇಜಿನಲ್ಲಿ ಫುಟ್‌ಬಾಲ್ ಆಡುತ್ತಿದ್ದುದು, ತಾಯಿಯನ್ನು ಕಳೆದುಕೊಂಡದ್ದು, ತಂದೆಯ ಮೇಲಿನ ಸಿಟ್ಟು, ಈ ಕೆಲವು ನಿಮಿಷಗಳಲ್ಲಿದೆ. ಅವು ಇಲ್ಲವಾದಾಗ ಕೊನೆಯಲ್ಲಿ ಅವನು ತೋರುವ ಧೈರ್ಯಕ್ಕೆ ಬೇರು ಎಂಬುದೇ ಇರುವುದಿಲ್ಲ. ಇದನ್ನು ಓದಿ ತಿಳಿಯುವುದು ಒಂದು ಬಗೆ. ಆ ನಿಮಿಷಗಳನ್ನು ಸ್ವತಃ ತೆಗೆದು ಒಮ್ಮೆ, ಸೇರಿಸಿ ಒಮ್ಮೆ ನೋಡಿ ತಿಳಿಯುವುದು ಇನ್ನೊಂದು ಬಗೆ, ಮತ್ತು ಅದು ಹೆಚ್ಚು ಆಳಕ್ಕೆ ಇಳಿಯುತ್ತದೆ.

ಉತ್ತರ ಕನ್ನಡದವರಿಗೆ ಈ ಬಗೆಯ ತಿಳಿವಳಿಕೆ ಹೊಸದಲ್ಲ. ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನದ ಆಟ ಕಾಲಮಿತಿಯ ಪ್ರದರ್ಶನವಾಗಿ ಮೂರು ನಾಲ್ಕು ಗಂಟೆಗೆ ಇಳಿದಾಗ, ಪ್ರಸಂಗದ ನೂರಾರು ಪದ್ಯಗಳಲ್ಲಿ ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಭಾಗವತರ ಮೇಲೆ ಬಿತ್ತು. ಭಾಗವತನೇ ಮೊದಲ ವೇಷಧಾರಿ ಎನ್ನುವ ಮಾತಿದೆ. ಅವನೇ ಸಂಕಲನಕಾರನೂ ಹೌದು. ಕೃಷ್ಣಸಂಧಾನವನ್ನೇ ತೆಗೆದುಕೊಳ್ಳಬಹುದು. ಸಮಯ ಸಾಲದೆಂದು ವಿದುರನ ಮನೆಯ ಭಾಗವನ್ನು ಬಿಟ್ಟು ಕೃಷ್ಣನನ್ನು ನೇರವಾಗಿ ಕೌರವನ ಒಡ್ಡೋಲಗಕ್ಕೆ ತಂದರೆ ಅರ್ಧ ಗಂಟೆ ಉಳಿಯುತ್ತದೆ. ಆದರೆ ಅರಮನೆ ಇರುವಾಗ ವಿದುರನ ಮನೆಗೇಕೆ ಹೋದೆ ಎಂದು ಕೌರವ ಆಕ್ಷೇಪಿಸುವಾಗ ಆ ಮಾತಿಗೆ ನಿಲ್ಲಲು ನೆಲವೇ ಇರುವುದಿಲ್ಲ. ಕೌರವನ ಅಭಿಮಾನಕ್ಕೆ ಬಿದ್ದ ಪೆಟ್ಟು ಪ್ರೇಕ್ಷಕರ ಅನುಭವಕ್ಕೆ ಬಾರದೆ ಬರಿಯ ಮಾತಾಗಿ ಉಳಿಯುತ್ತದೆ. ತಾಳಮದ್ದಳೆಯಲ್ಲಿ ಹವ್ಯಾಸಕ್ಕಾಗಿ ಮದ್ದಳೆ ನುಡಿಸುವ ಅಣ್ಣ, ಮಗನ ಹನ್ನೊಂದು ನಿಮಿಷಗಳನ್ನು ನೋಡಿದವನೇ, ಸಿನಿಮಾದ ಕಥೆ ಏನೆಂದು ಗೊತ್ತಿಲ್ಲದಿದ್ದರೂ, ಎರಡು ಕಡೆ ಕೈ ಎತ್ತಿ “ಇಲ್ಲಿ ಎಂತದೋ ಬಿಟ್ಟಿದ್ದೆ” ಎಂದ. ಎರಡೂ ಕಡೆ ಅವನು ಹೇಳಿದ್ದು ಸರಿಯಾಗಿತ್ತು.

ಆದರೂ ಈ ಹೋಲಿಕೆಯನ್ನು ಒಂದು ಮಿತಿಯ ಆಚೆಗೆ ಎಳೆಯಬಾರದು. ಪ್ರಸಂಗವೆಂಬುದು ಆಡಿದಾಗಲೇ ಆಗುವ ವಸ್ತು. ಅರ್ಥ, ಅಂದರೆ ಪಾತ್ರಗಳ ಮಾತು, ಬರೆದಿಟ್ಟದ್ದಲ್ಲ, ಪ್ರತಿ ರಾತ್ರಿಯ ಆಟವೂ ಹೊಸದು, ಹಳೆಯ ಪ್ರಸಂಗಗಳಿಗೆ ಇಂದು ಒಡೆಯರೂ ಇಲ್ಲ. ಸಿನಿಮಾ ಮುದ್ರಿತವಾಗಿ ನಿಂತ ಕೃತಿ. ಅದಕ್ಕೆ ಹಣ ಹಾಕಿದವರು, ಅದರ ಒಂದೊಂದು ಚೌಕಟ್ಟಿಗೂ ದುಡಿದ ನೂರಾರು ಜನ ಬದುಕಿದ್ದಾರೆ. ಭಾಗವತ ಬಿಟ್ಟ ಪದ್ಯ ಪ್ರಸಂಗದ ಪುಸ್ತಕದಲ್ಲಿ ಹಾಗೆಯೇ ಇರುತ್ತದೆ, ನಾಳೆ ಇನ್ನೊಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಮರುಸಂಕಲನಗೊಂಡ ಸಿನಿಮಾ ಮಾತ್ರ ಕೈಯಿಂದ ಕೈಗೆ ಹೋಗುತ್ತ, ತಾನೇ ಮೂಲವೆಂದು ನಂಬಿಸಿಬಿಡಬಹುದು.

ಈ ಪದ್ಧತಿಗೆ ದೊಡ್ಡ ಪ್ರಚಾರ ತಂದದ್ದು ಸೂಪರ್‌ಹೀರೋ ಚಿತ್ರವಲ್ಲ, 1999ರ ‘ಸ್ಟಾರ್ ವಾರ್ಸ್’ ಸರಣಿಯ ಚಿತ್ರದಿಂದ ಸುಮಾರು ಇಪ್ಪತ್ತು ನಿಮಿಷ ತೆಗೆದು ಅಮೆರಿಕದ ವೃತ್ತಿಪರ ಸಂಕಲನಕಾರ ಮೈಕ್ ನಿಕೋಲ್ಸ್ ಮೊದಲು ಹೆಸರು ಮುಚ್ಚಿಟ್ಟು ಹೊರಬಿಟ್ಟ ಆವೃತ್ತಿ. ಆದರೆ ಸೂಪರ್‌ಹೀರೋ ಚಿತ್ರಗಳ ಮಟ್ಟಿಗೆ ಹೆಚ್ಚು ಪಾಠ ಕಲಿಸುವುದು 1980ರ ‘ಸೂಪರ್‌ಮ್ಯಾನ್ 2’. ರಿಚರ್ಡ್ ಡಾನರ್ ಮೊದಲ ಮತ್ತು ಎರಡನೆಯ ಭಾಗಗಳನ್ನು ಒಟ್ಟಿಗೇ ಚಿತ್ರೀಕರಿಸುತ್ತಿದ್ದಾಗ, ಎರಡನೆಯದರ ದೊಡ್ಡ ಪಾಲು ಮುಗಿದಿದ್ದರೂ ನಿರ್ಮಾಪಕರು ಅವರನ್ನು ತೆಗೆದು ರಿಚರ್ಡ್ ಲೆಸ್ಟರ್ ಅವರಿಂದ ಚಿತ್ರ ಮುಗಿಸಿದರು. ಮಾರ್ಲನ್ ಬ್ರಾಂಡೊ ನಟಿಸಿದ್ದ ದೃಶ್ಯಗಳು ಎರಡನೆಯ ಭಾಗದಿಂದ ಬಿದ್ದುಹೋದವು. ಚಿತ್ರ ಟಿವಿಯಲ್ಲಿ ಪ್ರಸಾರವಾದಾಗ ಚಿತ್ರಮಂದಿರದಲ್ಲಿ ಇಲ್ಲದ ಕೆಲವು ದೃಶ್ಯಗಳು ಇಣುಕಿದವು. ಅಭಿಮಾನಿಗಳು ಅವನ್ನು ಟೇಪುಗಳಿಂದ ಹೆಕ್ಕಿ ಜೋಡಿಸತೊಡಗಿದರು. ಕೊನೆಗೆ 2006ರಲ್ಲಿ ಡಾನರ್ ಅವರ ಆವೃತ್ತಿಯೇ ಅಧಿಕೃತವಾಗಿ ಡಿವಿಡಿಯಾಗಿ ಬಂತು. ಎಂದೂ ಚಿತ್ರೀಕರಣವಾಗದ ಒಂದು ದೃಶ್ಯಕ್ಕೆ ಅದರಲ್ಲಿ ಕ್ರಿಸ್ಟೋಫರ್ ರೀವ್ ಮತ್ತು ಮಾರ್ಗೊ ಕಿಡ್ಡರ್ ಅವರ ಪಾತ್ರಪರೀಕ್ಷೆಯ ತುಣುಕನ್ನೇ ಬಳಸಲಾಗಿದೆ. ಆ ತುಣುಕಿನಲ್ಲಿ ರೀವ್ ಅವರ ಮೈಕಟ್ಟೂ ಕೂದಲೂ ಬೇರೆಯಾಗಿ ಕಂಡರೂ, ಬಿದ್ದುಹೋದ ಕೊಂಡಿಯೊಂದು ಮತ್ತೆ ಕೂಡಿಕೊಂಡಿತು.

ಸ್ನೈಡರ್ ಆವೃತ್ತಿಯನ್ನು ಬಿಡುಗಡೆ ಮಾಡಿರೆಂದು ಅಭಿಮಾನಿಗಳು ನಡೆಸಿದ ಆಂದೋಲನ ಇದಕ್ಕಿಂತ ಜಟಿಲವಾದದ್ದು. ಅದೇ ಅಭಿಮಾನಿಗಳು ಆತ್ಮಹತ್ಯೆ ತಡೆಯುವ ಸಂಸ್ಥೆಯೊಂದಕ್ಕೆ ದೊಡ್ಡ ಮೊತ್ತದ ದೇಣಿಗೆ ಕೂಡಿಸಿಕೊಟ್ಟರು, ಅದು ನಿಜವಾದ ಒಳ್ಳೆಯ ಕೆಲಸ. ಅವರಲ್ಲೇ ಒಂದು ಗುಂಪು ಸ್ಟುಡಿಯೋದವರನ್ನೂ ಒಪ್ಪದ ವಿಮರ್ಶಕರನ್ನೂ ಬೈಗುಳದಿಂದ ಕಾಡಿತು. ನನಗೆ ಕಾಣುವ ಪ್ರಕಾರ ಕೂಗಿ ಕೇಳುವ ಅಭಿಮಾನಕ್ಕೂ ಕುಳಿತು ಜೋಡಿಸುವ ಅಭಿಮಾನಕ್ಕೂ ಇರುವ ಅಂತರ ದೊಡ್ಡದು. ಕೂಗಿ ಕೇಳುವವನಿಗೆ ಇನ್ನೊಬ್ಬರ ದುಡಿಮೆಯ ಬೆಲೆ ತಿಳಿಯುವ ಸಂದರ್ಭವೇ ಬರುವುದಿಲ್ಲ. ಕುಳಿತು ಕತ್ತರಿಸಿ ಜೋಡಿಸುವವನಿಗೆ, ತಾನು ಕೆಟ್ಟದ್ದೆಂದು ಬೈದ ದೃಶ್ಯ ಅಲ್ಲಿ ಏಕಿತ್ತು ಎಂಬುದು ಮೂರನೆಯ ದಿನಕ್ಕೆ ಗೊತ್ತಾಗುತ್ತದೆ. ವೇಡನ್ ಸೇರಿಸಿದ ಲಘುಹಾಸ್ಯವನ್ನೆಲ್ಲ ತೆಗೆಯಬೇಕೆಂದು ಹೊರಟಿದ್ದ ನಮ್ಮ ಹುಡುಗ ಅದರಲ್ಲಿ ನಾಲ್ಕು ಮಾತುಗಳನ್ನು ಮರಳಿ ಸೇರಿಸಿದ, ಏಕೆಂದರೆ ಅವಿಲ್ಲದೆ ಮುಂದಿನ ಗಂಭೀರ ದೃಶ್ಯಕ್ಕೆ ಉಸಿರಾಡಲು ಜಾಗವಿರಲಿಲ್ಲ.

ಸಿನಿಮಾವನ್ನು ಮುಟ್ಟಬಾರದ ವಿಗ್ರಹವೆಂದು ಭಾವಿಸುವವರು, ಅದನ್ನು ಈಗಾಗಲೇ ಎಷ್ಟು ಕೈಗಳು ಮುಟ್ಟುತ್ತಿವೆ ಎಂಬುದನ್ನು ಗಮನಿಸಬೇಕು. 2025ರ ಜುಲೈನಲ್ಲಿ ತೆರೆಕಂಡ ‘ಸೂಪರ್‌ಮ್ಯಾನ್’ ಚಿತ್ರದ ಚುಂಬನ ದೃಶ್ಯದಿಂದ 33 ಸೆಕೆಂಡು ಕತ್ತರಿಸಿದ ಮೇಲೆಯೇ ಸೆನ್ಸಾರ್ ಮಂಡಳಿ ಅದಕ್ಕೆ ಪ್ರಮಾಣಪತ್ರ ಕೊಟ್ಟಿತೆಂದು ವರದಿಯಾಯಿತು. ಅದೇ ವರ್ಷದ ಮಲಯಾಳಂ ಸೂಪರ್‌ಹೀರೋ ಚಿತ್ರ ‘ಲೋಕಃ’ದಲ್ಲಿ ಬೆಂಗಳೂರಿನ ಹುಡುಗಿಯರನ್ನು ಕುರಿತ ಒಂದು ಮಾತು ಕನ್ನಡಿಗರನ್ನು ನೋಯಿಸಿದಾಗ ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿ, ಬಿಡುಗಡೆಯಾದ ಚಿತ್ರದಿಂದ ಆ ಮಾತನ್ನು ತೆಗೆಯುವುದಾಗಿ ಹೇಳಿತು. 2023ರಲ್ಲಿ ಕನ್ನಡದಲ್ಲೂ ಮಾತಾಡಿ ಬಂದ ಸ್ಪೈಡರ್‌ಮ್ಯಾನ್ ಅನಿಮೇಷನ್ ಚಿತ್ರದ ಒಂದಕ್ಕಿಂತ ಹೆಚ್ಚು ಪ್ರತಿಗಳು, ಸಣ್ಣ ಸಣ್ಣ ವ್ಯತ್ಯಾಸಗಳೊಡನೆ, ಒಂದೇ ಕಾಲಕ್ಕೆ ಚಿತ್ರಮಂದಿರಗಳಲ್ಲಿ ಓಡುತ್ತಿದ್ದವು ಎಂಬುದನ್ನು ಅದರ ತಂಡದವರೇ ಒಪ್ಪಿದ್ದಾರೆ. ಇವೆಲ್ಲಕ್ಕಿಂತ ಯೋಚಿಸಬೇಕಾದ್ದು 2013ರ ಹಿಂದಿ ಚಿತ್ರ ‘ರಾಂಝಣಾ’ದ ಪ್ರಸಂಗ. 2025ರ ಆಗಸ್ಟ್ 1ರಂದು ಹಕ್ಕುದಾರ ಸಂಸ್ಥೆ ಅದರ ತಮಿಳು ಆವೃತ್ತಿಯನ್ನು ಕೃತಕ ಬುದ್ಧಿಮತ್ತೆಯಿಂದ ಅಂತ್ಯ ಬದಲಿಸಿ ಮರುಬಿಡುಗಡೆ ಮಾಡಿತು. ಸಾಯುವ ನಾಯಕ ಹೊಸ ಅಂತ್ಯದಲ್ಲಿ ಬದುಕಿದ. ನಿರ್ದೇಶಕ ಆನಂದ್ ಎಲ್. ರೈ ಮತ್ತು ನಟ ಧನುಷ್ ಬಹಿರಂಗವಾಗಿ ವಿರೋಧಿಸಿದರೂ ಬಿಡುಗಡೆ ನಿಲ್ಲಲಿಲ್ಲ. ಮಲಗುವ ಕೋಣೆಯಲ್ಲಿ ಕುಳಿತ ಅಭಿಮಾನಿಯ ಕತ್ತರಿಗಿಂತ ಹಕ್ಕುಪತ್ರ ಕೈಯಲ್ಲಿರುವವರ ಕತ್ತರಿ ಕೃತಿಗೆ ಹೆಚ್ಚು ಹಾನಿ ಮಾಡಬಲ್ಲದು, ಏಕೆಂದರೆ ಅದೇ ಮುಂದೆ ಅಧಿಕೃತ ಪ್ರತಿಯಾಗಿ ಉಳಿಯುತ್ತದೆ.

ಇದಕ್ಕೆ ಕಾರಣ ಕಾನೂನಿನ ರಚನೆಯಲ್ಲೇ ಇದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಚಲನಚಿತ್ರದ ಕರ್ತೃ ನಿರ್ಮಾಪಕ, ನಿರ್ದೇಶಕನಲ್ಲ. ಕೃತಿಯನ್ನು ವಿರೂಪಗೊಳಿಸಿ ಕರ್ತೃವಿನ ಗೌರವಕ್ಕೆ ಕುಂದು ತಂದಾಗ ರಕ್ಷಣೆ ಕೊಡುವ 57ನೇ ಕಲಮು ‘ಕರ್ತೃ’ವಿಗೆ ಮಾತ್ರ ಅನ್ವಯಿಸುವುದರಿಂದ, ನಿರ್ದೇಶಕರು ಅದರ ನೆರಳಿಗೆ ಬರುವುದು ಕಷ್ಟ. ಅಭಿಮಾನಿಯ ವಿಷಯಕ್ಕೆ ಬಂದರೆ, 52ನೇ ಕಲಮು ಅಧ್ಯಯನವೂ ಸೇರಿದಂತೆ ಖಾಸಗಿ ಬಳಕೆಗೆ ಮತ್ತು ವಿಮರ್ಶೆಗೆ ನ್ಯಾಯೋಚಿತ ಮಿತಿಯಲ್ಲಿ ಅವಕಾಶ ಕೊಟ್ಟಿದೆ. 2012ರ ತಿದ್ದುಪಡಿ ತಂದ 65ಎ ಕಲಮು ಡಿಸ್ಕಿನ ಡಿಜಿಟಲ್ ಬೀಗವನ್ನು ಮುರಿಯುವವರಿಗೆ ಎರಡು ವರ್ಷದವರೆಗಿನ ಸೆರೆ ವಿಧಿಸುತ್ತದೆ, ಆದರೆ ಹಕ್ಕು ಉಲ್ಲಂಘಿಸುವ ಉದ್ದೇಶ ಅಲ್ಲಿ ಇರಬೇಕು. ಈ ಕಲಮುಗಳನ್ನು ಒಟ್ಟಿಗೆ ಓದಿದರೆ, ಕೊಂಡ ಡಿಸ್ಕನ್ನು ಮನೆಯಲ್ಲಿ ಬಿಡಿಸಿ, ಜೋಡಿಸಿ, ಮನೆಯವರೊಂದಿಗೆ ನೋಡುವ ಶಿರಸಿಯ ಹುಡುಗನ ಪಕ್ಷ ಗಟ್ಟಿಯಾಗಿಯೇ ಇದೆ ಎಂಬುದು ನನ್ನ ತಿಳಿವಳಿಕೆ. ಅದನ್ನು ಅಂತರಜಾಲಕ್ಕೆ ಏರಿಸಿದ ಕ್ಷಣ ಪರಿಸ್ಥಿತಿ ಬದಲಾಗುತ್ತದೆ. 63ನೇ ಕಲಮಿನಲ್ಲಿ ಶಿಕ್ಷೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ಲಾಭಕ್ಕಾಗಿ ಮಾಡಿರದಿದ್ದರೆ ನ್ಯಾಯಾಲಯ ಕಡಿಮೆ ಮಾಡಬಹುದು, ಅಷ್ಟೇ. ಊರಿನ ಸಭಾಭವನದಲ್ಲಿ ತೋರಿಸಹೊರಟರೆ ಕೃತಿಸ್ವಾಮ್ಯದ ಜೊತೆಗೆ, ಪ್ರಮಾಣಪತ್ರವಿಲ್ಲದ ಚಿತ್ರದ ಸಾರ್ವಜನಿಕ ಪ್ರದರ್ಶನವೆಂದು 1952ರ ಸಿನಿಮಾಟೋಗ್ರಾಫ್ ಕಾಯ್ದೆಯೂ ಅಡ್ಡ ಬರುತ್ತದೆ.

ಅಮೆರಿಕದ ಒಂದು ಮೊಕದ್ದಮೆ ಈ ಗೆರೆಯನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಹಾಲಿವುಡ್ ಚಿತ್ರಗಳಿಂದ ಲೈಂಗಿಕತೆ, ಹಿಂಸೆ, ಬೈಗುಳಗಳನ್ನು ತೆಗೆದು ಮಾರುತ್ತಿದ್ದ ‘ಕ್ಲೀನ್ ಫ್ಲಿಕ್ಸ್’ ಎಂಬ ಸಂಸ್ಥೆಗೂ, ಸ್ಟೀವನ್ ಸೋಡರ್‌ಬರ್ಗ್ ಮೊದಲಾದ ನಿರ್ದೇಶಕರಿಗೂ ನಡೆದ ವ್ಯಾಜ್ಯದಲ್ಲಿ ಕೊಲರಾಡೊದ ನ್ಯಾಯಾಲಯ 2006ರಲ್ಲಿ ಸಂಸ್ಥೆಯ ವಿರುದ್ಧ ತೀರ್ಪು ಕೊಟ್ಟಿತು. ಅದೇ ಸೋಡರ್‌ಬರ್ಗ್ 2014ರಲ್ಲಿ ಸ್ಪೀಲ್‌ಬರ್ಗ್ ಅವರ ಪ್ರಸಿದ್ಧ ಸಾಹಸಚಿತ್ರವೊಂದರ ಬಣ್ಣವನ್ನೂ ಮೂಲ ಧ್ವನಿಯನ್ನೂ ತೆಗೆದು, ಪಾತ್ರಗಳು ಚೌಕಟ್ಟಿನಲ್ಲಿ ಹೇಗೆ ಚಲಿಸುತ್ತವೆ ಎಂಬುದನ್ನು ಅಧ್ಯಯನಕ್ಕಾಗಿ ಎಲ್ಲರ ಮುಂದಿಟ್ಟರು. ಇದರಲ್ಲಿ ವಿರೋಧಾಭಾಸ ನನಗೆ ಕಾಣುವುದಿಲ್ಲ. ಇನ್ನೊಬ್ಬರ ಕೃತಿಯನ್ನು ಕಲಿಯಲು ಬಿಡಿಸುವುದಕ್ಕೂ, ಬದಲಿ ಸರಕಾಗಿ ಮಾರುವುದಕ್ಕೂ ಇರುವ ಅಂತರವನ್ನು ಆ ಒಬ್ಬ ವ್ಯಕ್ತಿಯ ನಡೆಯಲ್ಲೇ ಕಾಣಬಹುದು. ಹಾಗೆಯೇ, 2007ರ ‘ಸ್ಪೈಡರ್‌ಮ್ಯಾನ್ 3’ರಲ್ಲಿ ವೆನಮ್ ಪಾತ್ರ ಮಾಡಿದ ನಟ ಟೋಫರ್ ಗ್ರೇಸ್, ಸಂಕಲನ ಕಲಿಯಲೆಂದು ‘ಸ್ಟಾರ್ ವಾರ್ಸ್’ನ ಮೂರು ಚಿತ್ರಗಳನ್ನು 85 ನಿಮಿಷಕ್ಕೆ ಇಳಿಸಿ, 2012ರಲ್ಲಿ ಆಹ್ವಾನಿತರಿಗಷ್ಟೇ ತೋರಿಸಿ ಸುಮ್ಮನಾದರು.

‘ಕ್ಲೀನ್ ಫ್ಲಿಕ್ಸ್’ ಮೊಕದ್ದಮೆ ನಡೆಯುತ್ತಿದ್ದಾಗಲೇ 2005ರಲ್ಲಿ ಅಮೆರಿಕ ಮಾಡಿದ ಒಂದು ಕಾಯ್ದೆ ನನಗೆ ದಾರಿಯಾಗಿ ಕಾಣುತ್ತದೆ. ಬದಲಾಯಿಸಿದ ಶಾಶ್ವತ ಪ್ರತಿ ಸೃಷ್ಟಿಯಾಗದಂತೆ, ಮನೆಯಲ್ಲಿ ಅಧಿಕೃತ ಪ್ರತಿಯೊಂದನ್ನು ನೋಡುವಾಗ ಕೆಲವು ಭಾಗಗಳನ್ನು ಹಾರಿಸಿಕೊಂಡು ಹೋಗುವ ತಂತ್ರಾಂಶಕ್ಕೆ ಅದು ಅವಕಾಶ ಕೊಟ್ಟಿತು. ಕುಟುಂಬದ ಮರ್ಯಾದೆಗೆಂದು ಬರೆದ ಈ ತತ್ತ್ವವನ್ನು ಅಭಿಮಾನಿ ಸಂಕಲನಕಾರರೂ ಬಳಸಿಕೊಳ್ಳಬಹುದು. ಹಂಚಬೇಕಾದ್ದು ಸಿನಿಮಾವನ್ನಲ್ಲ, ಕಟ್‌ಗಳ ಪಟ್ಟಿಯನ್ನು. ಸಂಕಲನದ ತಂತ್ರಾಂಶಗಳಲ್ಲಿ ಇದಕ್ಕೆ ಬೇಕಾದ ವ್ಯವಸ್ಥೆ ದಶಕಗಳಿಂದ ಇದೆ: ಯಾವ ಮೂಲದಿಂದ, ಎಷ್ಟನೆಯ ಗಂಟೆ, ನಿಮಿಷ, ಸೆಕೆಂಡು, ಚೌಕಟ್ಟಿನಿಂದ (ಫ್ರೇಮ್) ಎಲ್ಲಿಯವರೆಗೆ ತೆಗೆದುಕೊಂಡು ಎಲ್ಲಿ ಇಡಬೇಕು ಎಂದು ಸಾಲುಸಾಲಾಗಿ ಬರೆದ ಸರಳ ಪಠ್ಯದ ಕಡತ, ಇಡಿಎಲ್ (ಎಡಿಟ್ ಡಿಸಿಷನ್ ಲಿಸ್ಟ್). ಇಡೀ ಸಿನಿಮಾದ ಪಟ್ಟಿಯೂ ಒಂದು ಮಿಂಚಂಚೆಯಲ್ಲಿ ಹಿಡಿಯುತ್ತದೆ. ಅದರಲ್ಲಿ ಸಿನಿಮಾದ ಒಂದು ಚೌಕಟ್ಟೂ ಇರುವುದಿಲ್ಲ. ಆ ಎರಡು ಡಿಸ್ಕುಗಳನ್ನು ಕೊಂಡವರು ಮಾತ್ರ ಅದನ್ನು ಬಳಸಿ ನೋಡಬಲ್ಲರು, ಆದ್ದರಿಂದ ಮೂಲದ ಮಾರಾಟಕ್ಕೆ ಪೆಟ್ಟಿಲ್ಲ. ಬೇಡದ ಪದ್ಯಗಳ ಎದುರು ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟ ಭಾಗವತರ ಪ್ರಸಂಗ ಪ್ರತಿ ಹೇಗೋ ಹಾಗೆಯೇ ಇದು.

ಈ ದಾರಿಯಲ್ಲಿ ಕಲ್ಲುಮುಳ್ಳುಗಳಿವೆ. ಕಟ್‌ಗಳ ಪಟ್ಟಿ ಜೋಡಣೆಯನ್ನು ಹೇಳಬಲ್ಲದು, ಬಣ್ಣ ಹೊಂದಿಸಿದ್ದನ್ನಾಗಲಿ ಧ್ವನಿ ಬಿಡಿಸಿದ್ದನ್ನಾಗಲಿ ಪೂರ್ತಿಯಾಗಿ ಹೇಳಲಾರದು. ಸೆಕೆಂಡಿಗೆ 24 ಚೌಕಟ್ಟಿನ ಪ್ರತಿಗೆ ಬರೆದ ಪಟ್ಟಿ 25 ಚೌಕಟ್ಟಿನ ಪ್ರತಿಗೆ ಹೊಂದುವುದಿಲ್ಲ. ಶೇಕಡಾ ನಾಲ್ಕರಷ್ಟು ವೇಗ ಹೆಚ್ಚಿ, ಎರಡು ಗಂಟೆಯ ಚಿತ್ರದಲ್ಲಿ ಸುಮಾರು ಐದು ನಿಮಿಷದ ಅಂತರ ಬೀಳುತ್ತದೆ. ಎಲ್ಲಕ್ಕಿಂತ ದೊಡ್ಡ ತೊಡಕು ಮೂಲವನ್ನು ಕೊಳ್ಳುವುದೇ. ಶಿರಸಿಯಲ್ಲಾಗಲಿ ಕಾರವಾರದಲ್ಲಾಗಲಿ ಅಂಗಡಿಗೆ ಹೋಗಿ ಬ್ಲೂರೇ ಕೇಳಿದರೆ ಕೊಡುವವರಿಲ್ಲ. ಚಂದಾ ಕಟ್ಟಿ ಓಟಿಟಿಯಲ್ಲಿ ನೋಡಿದ ಚಿತ್ರ ನಮ್ಮ ಕೈಯಲ್ಲಿ ಉಳಿಯುವುದೇ ಇಲ್ಲ, ಹಕ್ಕಿನ ಒಪ್ಪಂದ ಮುಗಿದರೆ ಅದು ಅಲ್ಲಿಂದಲೂ ಮಾಯವಾಗಬಹುದು. ಹಣ ಕೊಟ್ಟು, ನ್ಯಾಯವಾಗಿ, ಒಂದು ಪ್ರತಿಯನ್ನು ತನ್ನದಾಗಿಸಿಕೊಳ್ಳುವ ದಾರಿ ಮುಚ್ಚಿದಷ್ಟೂ ಕಳ್ಳಪ್ರತಿಯ ದಾರಿ ಅಗಲವಾಗುತ್ತದೆ. ಈ ಹೊಣೆಯಲ್ಲಿ ಸ್ಟುಡಿಯೋಗಳ ಪಾಲೂ ಇದೆ.

ಇದನ್ನು ಕೆಲವರ ಹವ್ಯಾಸದ ಪ್ರಶ್ನೆಯೆಂದು ಬದಿಗಿಡಲು ನನಗೆ ಮನಸ್ಸಿಲ್ಲ. ಕುಮಟಾ, ಹೊನ್ನಾವರ, ಅಂಕೋಲಾ ಕಡೆಗಳಲ್ಲಿ ಮದುವೆ, ಉಪನಯನ, ಯಕ್ಷಗಾನಗಳ ವಿಡಿಯೋ ಸಂಕಲನ ಮಾಡಿ ಜೀವನ ನಡೆಸುವ ಯುವಕರಿದ್ದಾರೆ. ತಂತ್ರಾಂಶ ಅವರಿಗೆ ಕರಗತವಾಗಿದೆ, ಆದರೆ ಪುಣೆಯ ಚಲನಚಿತ್ರ ಸಂಸ್ಥೆಗೆ ಹೋಗಿ ಕಲಿಯುವ ಅನುಕೂಲ ಹೆಚ್ಚಿನವರಿಗೆ ಇಲ್ಲ. ಕಥೆ ಹೇಳುವ ಸಂಕಲನವನ್ನು ಕಲಿಯಲು ಒಳ್ಳೆಯ ನಟರು ನಟಿಸಿದ, ಹಲವು ಕೋನಗಳಿಂದ ಚಿತ್ರೀಕರಿಸಿದ ಸಾಮಗ್ರಿ ಬೇಕು, ಅದು ಸಿಗುವುದು ದೊಡ್ಡ ಸಿನಿಮಾಗಳಲ್ಲಿ ಮಾತ್ರ. ಒಂದೇ ಚಿತ್ರೀಕರಣದಿಂದ ಹುಟ್ಟಿದ ಎರಡು ಪೂರ್ಣ ಆವೃತ್ತಿಗಳು ‘ಜಸ್ಟಿಸ್ ಲೀಗ್’ನಂತೆ ಮಾರುಕಟ್ಟೆಗೆ ಬಂದಿರುವುದು ಅಪರೂಪ, ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಠ್ಯ ಸಿಗಲಾರದು. ಕಾಲೇಜುಗಳ ಪತ್ರಿಕೋದ್ಯಮ ವಿಭಾಗಗಳು ಇಂಥ ಅಭ್ಯಾಸವನ್ನು ತರಗತಿಯೊಳಗೆ, ಕೊಂಡ ಪ್ರತಿಗಳೊಂದಿಗೆ, ಪಟ್ಟಿ ಬರೆಸುವ ಪಾಠವಾಗಿ ಮಾಡಿಸಿದರೆ ಕಾನೂನಿನ ಭಯವೂ ಇರದು, ಕಲಿಕೆಯೂ ಆಗುತ್ತದೆ.

ಹುಡುಗನ ಹನ್ನೊಂದು ನಿಮಿಷ ಈಗ ನಲವತ್ತಾಗಿದೆ. ಮಳೆ ಹೊಳವಾದ ಮೇಲೆ ತೋಟಕ್ಕೆ ಔಷಧಿ ಹೊಡೆಯುವ ಕೆಲಸ ಶುರುವಾಗಿ ರಾತ್ರಿ ಮಾತ್ರ ಬಿಡುವು ಸಿಗುತ್ತಿತ್ತು. ಚಿತ್ರವನ್ನು ಯಾರಿಗೂ ಕಳಿಸಬಾರದೆಂದು ಅವನೇ ನಿಶ್ಚಯಿಸಿದ್ದಾನೆ, ಪಟ್ಟಿಯನ್ನು ಮಾತ್ರ ಹಂಚುವವನಿದ್ದಾನೆ. ಅದರ ಪ್ರತಿ ಸಾಲಿನ ಎದುರು, ಈ ಕಟ್ ಏಕೆ ಎಂಬುದನ್ನು ಒಂದೊಂದು ವಾಕ್ಯದಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದಾನೆ. ಅಣ್ಣ ಕೈ ಎತ್ತಿದ ಎರಡು ಜಾಗಗಳಲ್ಲಿ ಒಂದನ್ನು ಸರಿಪಡಿಸಿಯಾಗಿದೆ. ಇನ್ನೊಂದರ ಎದುರು ಕಾರಣದ ಜಾಗ ಇನ್ನೂ ಖಾಲಿ ಇದೆ.